ಜಾವಾದಿಂದ ತಂದ ಕರಿ ಬಟ್ಟೆ

ಬಟ್ಟೆ ಅಂಗಡಿಗೆ ಹೋದರೆ ನನ್ನ ಕೈ ತಾನಾಗಿಯೇ ಕಪ್ಪಿನ ಕಡೆಗೆ ಹೋಗುತ್ತದೆ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ತಲೆ ನರೆಸಿಕೊಂಡವನಿಗೆ ಇದು ವೃತ್ತಿಯಿಂದ ಅಂಟಿದ ರೋಗವಿರಬೇಕು. ಜೀವಮಾನವೆಲ್ಲ ಹಾಳೆ ಸಾಕಷ್ಟು ಬೆಳ್ಳಗಾಯಿತೋ ಇಲ್ಲವೋ ಎಂದು ನೋಡುವುದೇ ಕೆಲಸವಾಗಿದ್ದರೆ, ನಿವೃತ್ತಿಯ ಮೇಲೆ ಕಣ್ಣು ಕಪ್ಪನ್ನು ಬೇಡುವುದು ಸಹಜ. ನನ್ನ ಹೆಂಡತಿಯ ವಿವರಣೆ ಬೇರೆ. ಕರಿ ಬಟ್ಟೆ ಮಾಸಿದ್ದು ಕಾಣುವುದಿಲ್ಲ, ಹಾಗಾಗಿ ನನ್ನಂಥ ಸೋಮಾರಿಗೆ ಅದು ಹೇಳಿ ಮಾಡಿಸಿದ್ದು ಎನ್ನುತ್ತಾಳೆ. ಎರಡೂ ನಿಜವಿರಬಹುದು. ಆದರೆ ಈ ಚಟವನ್ನು ನಾನು ಜಾವಾ ದ್ವೀಪದವರೆಗೂ ಹೊತ್ತುಕೊಂಡು ಹೋಗಬಾರದಿತ್ತು.

ಜಾವಾಕ್ಕೆ ಹೋದದ್ದು ನನ್ನ ಪುಣ್ಯದಿಂದಲ್ಲ, ನೆರೆಮನೆಯ ಖಾದರಸಾಬರ ಪುಣ್ಯದಿಂದ. ಅವರು ನಮ್ಮೂರಿನ ಹಳೆಯ ಮೋಟಾರು ಮೆಕ್ಯಾನಿಕ್ಕು. ಅವರ ಅಳಿಯ ಅಲ್ಲಿನ ಒಂದು ಕಾಗದದ ಗಿರಣಿಯಲ್ಲಿದ್ದಾನೆ. ಗಿರಣಿಯಲ್ಲಿ ಪಳಗಿದ ಕೈಗಳು ಇಂಡೋನೇಷ್ಯಾಕ್ಕೆ ಹೋಗುವುದು ದಾಂಡೇಲಿಯಲ್ಲಿ ದೊಡ್ಡ ಸುದ್ದಿಯೇನಲ್ಲ. ಕುಂಬಾರವಾಡದ ಬಸ್ಸು ತಪ್ಪಿದವನು ಮುಂದಿನ ಬಸ್ಸಿಗೆ ಕಾಯುವಷ್ಟರಲ್ಲಿ ಜಾವಾ ಮುಟ್ಟಿರುತ್ತಾನೆ ಎಂದು ನಾವು ತಮಾಷೆ ಮಾಡುವುದುಂಟು. ಅಳಿಯ ಕರೆದ, ಖಾದರಸಾಬರ ಹೆಂಡತಿಗೆ ವಿಮಾನವೆಂದರೆ ಹೆದರಿಕೆ, ಜೊತೆಗೊಬ್ಬ ಬೇಕಾಗಿದ್ದ. ನಾನು ಹೆದರಿದ್ದನ್ನು ತೋರಿಸಿಕೊಳ್ಳದವನಾದ್ದರಿಂದ ನನ್ನ ಆಯ್ಕೆಯಾಯಿತು.

ಅಳಿಯ ತನಗೆ ರಜೆ ಸಿಗುವವರೆಗೆ ನಮ್ಮಿಬ್ಬರನ್ನು ಯೋಗ್ಯಕರ್ತಾ ಎಂಬ ಊರಿನಲ್ಲಿ, ಬು ವಾತಿ ಎಂಬ ವಿಧವೆಯ ಮನೆಯಲ್ಲಿ ಇಳಿಸಿದ. ‘ಬು’ ಎಂದರೆ ಅಲ್ಲಿ ಅಮ್ಮ. ತಲೆಗೆ ಹೂವಿನ ವಸ್ತ್ರ ಸುತ್ತಿ, ಮಾತಿಗೊಮ್ಮೆ ಬಾಗಿ ನಗುವ ಹೆಂಗಸು. ಮೊದಲ ದಿನವೇ ನಮ್ಮ ಮಾನ ಹೋಯಿತು. ಆಕೆ ಚಹಾ ತಂದಿಟ್ಟಳು, ನಾವು ಕುಡಿದುಬಿಟ್ಟೆವು. ಜೊತೆಗೆ ಕುಳಿತ ಆ ಊರಿನ ಅತಿಥಿಗಳು ಬಟ್ಟಲು ಮುಟ್ಟದೆ ನಮ್ಮನ್ನೇ ನೋಡುತ್ತಿದ್ದರು. ಮನೆಯಾಕೆ ‘ತೆಗೆದುಕೊಳ್ಳಿ’ ಎಂದು ಬಾಯಿ ಬಿಟ್ಟು ಹೇಳುವವರೆಗೆ ಅಲ್ಲಿ ಯಾರೂ ಕುಡಿಯುವುದಿಲ್ಲವಂತೆ. ನಮ್ಮ ಕಡೆ ಹಾಗೆ ಕಾಯುತ್ತ ಕುಳಿತರೆ ಚಹಾ ಸಪ್ಪಗಾಗಿದೆಯೇನೋ ಎಂದು ಒಳಗಿನಿಂದ ಸಕ್ಕರೆ ಡಬ್ಬಿ ಬರುತ್ತದೆ. ಬು ವಾತಿ ಮಾತ್ರ ನಮ್ಮನ್ನು ತಿದ್ದಲಿಲ್ಲ. ಮರುದಿನದಿಂದ ಬಟ್ಟಲು ಇಡುವಾಗಲೇ ‘ತೆಗೆದುಕೊಳ್ಳಿ’ ಎಂದೂ ಹೇಳತೊಡಗಿದಳು, ಅಷ್ಟೇ. ಎದುರಿನವರಿಗೆ ನೋವಾಗುವ ಮಾತನ್ನು ಆ ಜನ ಆಡುವುದಿಲ್ಲ. ಈ ಗುಣವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದು ಸಂಜೆ ತೊಗಲುಗೊಂಬೆಯಾಟಕ್ಕೆ ಕರೆದುಕೊಂಡು ಹೋದಳು. ನಮ್ಮ ಕಡೆಯ ಗೊಂಬೆಯಾಟದವರು ಆಡುವ ಐವರು ಅಣ್ಣತಮ್ಮಂದಿರ ಕತೆಯೇ. ಆಡಿಸುವವನು ಮುಸಲ್ಮಾನ, ನೋಡುವವರು ಮುಸಲ್ಮಾನರು, ಹಿಂದೆ ಸಾಲಾಗಿ ಕುಳಿತು ಕಂಚಿನ ಗಂಟೆ ಬಾರಿಸುವವರೂ ಅವರೇ. ಪರದೆಯ ಒಂದು ಕಡೆ ಕುಳಿತರೆ ಬಣ್ಣದ ಗೊಂಬೆ, ಇನ್ನೊಂದು ಕಡೆ ಕುಳಿತರೆ ಬರೀ ನೆರಳು. ಯಾವುದು ಸರಿಯಾದ ಕಡೆ ಎಂಬ ವಿಷಯದಲ್ಲಿ ಅವರಿಗೇ ಒಮ್ಮತವಿಲ್ಲ. ಖಾದರಸಾಬರು ಎಂಜಿನ್ನು ಪರೀಕ್ಷಿಸುವವರ ಹಾಗೆ ಆ ಕಡೆ ಈ ಕಡೆ ಓಡಾಡಿದರು. ಎರಡೂ ಕಡೆ ಕತೆ ಒಂದೇ ಐತಿ ಎಂದು ನನ್ನ ಪಕ್ಕದಲ್ಲಿ ಬಂದು ಕುಳಿತರು.

ಇನ್ನು ಬಟ್ಟೆಯ ಮಾತು. ಅಲ್ಲಿನ ಬಾಟಿಕ್ ಬಟ್ಟೆಯನ್ನು ನೀವು ನೋಡಿರಬಹುದು. ಬಿಸಿ ಮೇಣವನ್ನು ಸಣ್ಣ ತಾಮ್ರದ ಮೂತಿಯಿಂದ ಬಟ್ಟೆಯ ಮೇಲೆ ಎಳೆ ಎಳೆಯಾಗಿ ಬಿಟ್ಟು ಚಿತ್ತಾರ ಬರೆಯುತ್ತಾರೆ. ಆಮೇಲೆ ಬಣ್ಣದಲ್ಲಿ ಅದ್ದುತ್ತಾರೆ. ಮೇಣವಿದ್ದಲ್ಲಿ ಬಣ್ಣ ಹತ್ತುವುದಿಲ್ಲ. ಕೊನೆಗೆ ಕುದಿಯುವ ನೀರಿನಲ್ಲಿ ಮೇಣ ಕರಗಿಸಿದರೆ ಚಿತ್ತಾರ ಉಳಿಯುತ್ತದೆ. ಬರೆಯುತ್ತ ಕುಳಿತ ಮುದುಕಿಯರು ಆಗಾಗ ಮೂತಿಯನ್ನು ಉಫ್ ಎಂದು ಊದುವುದನ್ನು ನೋಡಿ ಖಾದರಸಾಬರಿಗೆ ತಮ್ಮ ಕಾರ್ಬುರೇಟರುಗಳು ನೆನಪಾಗಿ ಎದೆ ತುಂಬಿ ಬಂತು. ನನಗೆ ತಿಳಿಯದೆ ಉಳಿದದ್ದು ಒಂದೇ ಸಂಗತಿ. ಅಲ್ಲಿ ಒಂದೊಂದು ಚಿತ್ತಾರಕ್ಕೂ ಒಂದೊಂದು ಹೊತ್ತು ಇದೆ. ಮದುವೆಯದು ಬೇರೆ, ಹೆಣ್ಣಿನ ತಂದೆತಾಯಿ ಉಡುವುದು ಬೇರೆ, ಅರಸು ಮನೆತನದ್ದು ಬೇರೆ. ಚಂದ ಕಂಡದ್ದನ್ನು ಹೆಗಲಿಗೇರಿಸುವ ನಾಡು ಅದಲ್ಲ.

ಹಳಿಯಾಳದಲ್ಲಿರುವ ನನ್ನ ಅಕ್ಕ ನೀಲವ್ವನ ಮಗಳು ಗಿರಿಜಾಳನ್ನು ಮುಂಡಗೋಡ ತಾಲೂಕಿನ ಇಂದೂರಿಗೆ ಕೊಟ್ಟಿದೆ. ಅವಳಿಗೆ ಹಿಂದೊಮ್ಮೆ ಬಸಿರು ನಿಂತಿರಲಿಲ್ಲ. ಆ ನೋವು ಮನೆಯ ಮೂಲೆಮೂಲೆಯಲ್ಲಿತ್ತು. ನಾವು ಜಾವಾಕ್ಕೆ ಹೊರಡುವ ಹೊತ್ತಿಗೆ ಮತ್ತೆ ಸಿಹಿ ಸುದ್ದಿ ಬಂದಿತ್ತು. ನಮ್ಮ ಕಡೆ ಬಸುರಿಗೆ ಕಣ್ಣು ತಾಗದಿರಲಿ ಎಂದು ಕರಿ ಚಂದ್ರಕಾಳಿ ಸೀರೆ ಉಡಿಸುತ್ತಾರಲ್ಲ, ಅದು ತಲೆಯಲ್ಲಿತ್ತು. ಯೋಗ್ಯಕರ್ತಾದ ದೊಡ್ಡ ಮಾರುಕಟ್ಟೆಯಲ್ಲಿ ಕಪ್ಪು ನೆಲದ ಮೇಲೆ ಕೆನೆ ಬಣ್ಣದ ತ್ರಿಕೋನಗಳನ್ನು ನಮ್ಮ ಕೌದಿಯ ಹಾಗೆ ಜೋಡಿಸಿದ ಒಂದು ಬಟ್ಟೆ ಕಂಡಿತು. ಅಂಗಡಿಯ ಮುದುಕಿ ಏನೋ ಕೇಳಿದಳು, ಯಾರಿಗೆ ಎಂದಿರಬೇಕು. ಭಾಷೆ ಬಾರದ ನಾನು ಮೇಲಕ್ಕೆ ಬೆರಳು ತೋರಿಸಿ, ಕಣ್ಣು ಮುಚ್ಚಿ ಕೈ ಮುಗಿದೆ. ದೇವರು ಕಣ್ಣು ತೆರೆದ ಎಂಬುದು ನನ್ನ ಅರ್ಥ. ಮುದುಕಿ ತಟ್ಟನೆ ಎದೆಯ ಮೇಲೆ ಕೈಯಿಟ್ಟುಕೊಂಡು ತಲೆ ಬಾಗಿಸಿದಳು, ನಾನು ಚೌಕಾಸಿ ಶುರು ಮಾಡುವ ಮೊದಲೇ ಬೆಲೆ ಇಳಿಸಿದಳು. ಹಳಿಯಾಳದ ಸಂತೆಯಲ್ಲಿ ಪಳಗಿದವನ ಮುಖ ನೋಡಿಯೇ ವ್ಯಾಪಾರಿಗಳು ಸೋಲುತ್ತಾರೆ ಎಂದು ದಾರಿಯುದ್ದಕ್ಕೂ ಖಾದರಸಾಬರ ಮುಂದೆ ಕೊಚ್ಚಿಕೊಂಡೆ.

ಬಟ್ಟೆ ಗಿರಿಜಾಳಿಗೆ ಬಹಳ ಹಿಡಿಸಿತು. ಕುಬಸದ ದಿನ, ಅಂದರೆ ಸೀಮಂತದ ದಿನ, ಹಸಿರು ಸೀರೆಯ ಮೇಲೆ ಅದನ್ನೇ ಹೊದ್ದು ಕುಳಿತಳು. ಕೂಸನ್ನು ಮೊದಲು ಇದರಲ್ಲೇ ಸುತ್ತಬೇಕು ಎಂದು ಎಲ್ಲರ ಮುಂದೆ ಹೇಳಿದಳು. ನಾನು ಹಿಗ್ಗಿ ಹೀರೇಕಾಯಿಯಾಗಿ ಫೋಟೋ ತೆಗೆದು ಬು ವಾತಿಗೆ ಕಳಿಸಿದೆ. ಸಂಜೆಗೆ ಉತ್ತರ ಬಂತು. ಫೋನು ಅದನ್ನು ಕನ್ನಡಕ್ಕೆ ತಿರುಗಿಸಿ ತೋರಿಸಿತು: “ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ಅಗಲಿದವರಿಗೆ ದೇವರು ಸಲೀಸಾದ ದಾರಿ ಕೊಡಲಿ.”

ಫೋನು ತಪ್ಪು ತಿರುಗಿಸಿದೆ ಎಂದುಕೊಂಡೆ. ಯಾರೂ ಸತ್ತಿಲ್ಲ, ಇದು ನನ್ನ ಸೋದರ ಸೊಸೆ, ತುಂಬಿದ ಬಸುರಿ ಎಂದು ಬರೆದೆ. ಆ ಕಡೆ ಬರೆಯುತ್ತಿದ್ದಾರೆ, ಅಳಿಸುತ್ತಿದ್ದಾರೆ, ಮತ್ತೆ ಬರೆಯುತ್ತಿದ್ದಾರೆ ಎಂಬುದು ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ಬಂದದ್ದು ಇಷ್ಟೇ: ಬಣ್ಣ ಅವಳಿಗೆ ಒಪ್ಪುತ್ತದೆ. ನಾನು ಬಿಡಲಿಲ್ಲ, ಆಣೆ ಹಾಕಿ ಕೇಳಿದೆ. ಆಗ ಮೆಲ್ಲಗೆ ಹೊರಬಂತು. ಆ ಚಿತ್ತಾರದ ಬಟ್ಟೆಯನ್ನು ಅವರಲ್ಲಿ ತೀರಿಹೋದವರಿಗೆ ಹೊದಿಸುತ್ತಾರೆ. ಸಾವಿನ ಮನೆಗೆ ಹೋಗುವವರು ಉಡುತ್ತಾರೆ. ಹೋಗುವ ಜೀವಕ್ಕೆ ದಾರಿ ಬಿಗಿಯಾಗದಿರಲಿ, ಸಡಿಲಾಗಲಿ ಎಂಬ ಹಾರೈಕೆ ಅದರಲ್ಲಿದೆಯಂತೆ. ಮಾರುಕಟ್ಟೆಯ ಮುದುಕಿ ಬೆಲೆ ಇಳಿಸಿದ್ದು ನನ್ನ ಮುಖಕ್ಕಲ್ಲ, ನನ್ನ ಮನೆಯ ಸಾವಿಗೆ ಎಂದು ಆಗ ಹೊಳೆಯಿತು.

ಶಕುನಗಳನ್ನು ನಂಬದವನು ನಾನು. ಗಿರಣಿಯಲ್ಲಿ ಅದರ ಬಗ್ಗೆ ಭಾಷಣವನ್ನೂ ಮಾಡಿದ್ದೇನೆ. ಆದರೆ ನಂಬದಿರುವುದು ನಮ್ಮ ಮೈಗೆ ಸುಲಭ, ಮನೆಯ ಮಗುವಿನ ಮೈಗೆ ಕಷ್ಟ. ನೀಲವ್ವನೋ, ಬೆಕ್ಕು ಅಡ್ಡ ಬಂದರೆ ಬಂದ ಬಸ್ಸನ್ನೇ ಬಿಟ್ಟುಬಿಡುವವಳು. ಅವಳಿಗೆ ಹೇಳುವುದು ಹೇಗೆ? ಹೇಳದಿದ್ದರೆ, ಮತ್ತೆ ಏನಾದರೂ ಆದರೆ, ನಾನು ಬದುಕುವುದು ಹೇಗೆ?

ಖಾದರಸಾಬರ ಗ್ಯಾರೇಜಿಗೆ ಹೋಗಿ ಎಲ್ಲ ಹೇಳಿದೆ. ಅವರು ಕೈಯೊರೆಸಿಕೊಳ್ಳುತ್ತ ಕೇಳಿಸಿಕೊಂಡರು.

“ಶಿವಪ್ಪಾರ, ನಮ್ಮಲ್ಲಿ ಹೆಣಕ್ಕ ಸುತ್ತೂ ಕಫನ್ ಬಿಳೇದು. ಅದ ಬಿಳೀ ಅಂಗಿ ಹಾಕ್ಕೊಂಡು ನಾ ಈದಿಗೆ ಹೊಕ್ಕೇನಿ, ಲಗ್ನಕ್ಕ ಹೊಕ್ಕೇನಿ. ಬಟ್ಟಿಗೇನ್ ಗೊತ್ತ್ರೀ?”

ಮಾತು ಸರಿಯಾಗಿಯೇ ಇತ್ತು. ಆದರೂ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಗಿರಿಜಾ ಹೆರಿಗೆಗೆ ತವರಿಗೆ ಬಂದ ಮೇಲೆ, ಏನಾದರೂ ನೆವ ಹೇಳಿ ಬಟ್ಟೆಯನ್ನು ವಾಪಸು ತಂದುಬಿಡಬೇಕೆಂದು ಹಳಿಯಾಳಕ್ಕೆ ಹೋದೆ. ಆಸ್ಪತ್ರೆಯ ಚೀಲ ತುಂಬಿ ಸಿದ್ಧವಾಗಿತ್ತು, ಎಲ್ಲಕ್ಕೂ ಮೇಲೆ ಆ ಕರಿ ಬಟ್ಟೆ. ಗೆಳೆಯರೊಬ್ಬರಿಗೆ ತೋರಿಸಿ ತರುತ್ತೇನೆ ಎಂದು ಕೈ ಹಾಕಿದೆ. ಚಿಕ್ಕಂದಿನಲ್ಲಿ ಬೆಲ್ಲ ಕದ್ದಾಗಲೂ ನಾನು ಹೀಗೇ ಬೆವರುತ್ತಿದ್ದೆನಂತೆ. ಅಕ್ಕ ಹಿತ್ತಲಿಗೆ ಕರೆದುಕೊಂಡು ಹೋಗಿ ಕೂರಿಸಿದಳು, ಎದುರಿಗೆ ನಿಂತಳು. ನಾನು ಎಲ್ಲ ಒಪ್ಪಿಸಿದೆ.

ಅವಳು ಬೈಯುತ್ತಾಳೆಂದು ಕಾದೆ. ಬೈಯುವ ಬದಲು, ಸತ್ತವರಿಗೆ ಅದನ್ನು ಯಾಕೆ ಹೊದಿಸುತ್ತಾರೆ ಎಂದು ಮತ್ತೊಮ್ಮೆ ಕೇಳಿದಳು. ದಾರಿ ಸಡಿಲಾಗಲಿ ಎಂದು, ಅಂದೆ.

“ಬ್ಯಾನಿ ಸುರು ಆದಾಗ ಅವ್ವ ಏನ್ ಮಾಡ್ತಿದ್ಲು, ಮರತಿ ಏನ್ ತಮ್ಮಾ? ಟ್ರಂಕಿನ ಕೀಲಿ ತಗೀತಿದ್ಲು. ದನದ ಹಗ್ಗ ಬಿಚ್ಚತಿದ್ಲು. ಹೆರಾಕಿಯ ಜಡಿ ಬಿಚ್ಚತಿದ್ಲು. ಮನ್ಯಾಗ ಒಂದು ಗಂಟು ಇರಗೊಡತಿದ್ದಿಲ್ಲ. ಹೋಗೂ ಜೀವಕ್ಕೂ ದಾರಿ ಬೇಕು, ಬರೂ ಜೀವಕ್ಕೂ ದಾರಿ ಬೇಕು. ಇಡು ಆ ಬಟ್ಟಿ ಅಲ್ಲೇ.”

ಶಕುನ ನಂಬುವವಳಿಗೆ ಶಕುನವನ್ನು ತಿರುಗಿಸಿ ನೋಡುವುದೂ ಗೊತ್ತಿರುತ್ತದೆ. ಪರದೆಯ ಎರಡೂ ಕಡೆ ಓಡಾಡಲು ಖಾದರಸಾಬರು ಜಾವಾಕ್ಕೆ ಹೋಗಬೇಕಾಯಿತು. ಅಕ್ಕ ಹಿತ್ತಲಲ್ಲಿ ನಿಂತೇ ಆ ಕೆಲಸ ಮಾಡಿದಳು. ನನ್ನ ಕಣ್ಣಲ್ಲಿ ನೀರು ಬಂತು ಎಂದು ಹೇಳಲು ನಾಚಿಕೆಯೇನಿಲ್ಲ.

ಮುಂದಿನ ವಾರ ಒಂದು ಬೆಳಿಗ್ಗೆ ನೋವು ಬಂತು, ನಾನು ಖಾದರಸಾಬರ ಜೀಪಿನಲ್ಲಿ ದಾಂಡೇಲಿಯಿಂದ ಬಂದಿಳಿದೆ. ಆಸ್ಪತ್ರೆಗೆ ಹೊರಡುವ ಮೊದಲು ನೀಲವ್ವ ಟ್ರಂಕು, ತಿಜೋರಿ, ಕಡೆಗೆ ಹಿಟ್ಟಿನ ಡಬ್ಬಿಯ ಮುಚ್ಚಳವನ್ನೂ ತೆರೆದಿಟ್ಟಳು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳ ಕಣ್ಣು ನನ್ನ ಬೂಟಿನ ಮೇಲೆ ಬಿತ್ತು. ಲೇಸು ಬಿಚ್ಚಿಸಿದಳು. ನಮ್ಮನ್ನು ಕರೆತಂದ ಖಾದರಸಾಬರು ಹೇಳಿಸಿಕೊಳ್ಳದೆ ಹೊರಗೆ ಹೋಗಿ ಜೀಪಿನ ಬಾಗಿಲುಗಳನ್ನೂ ಬಾನೆಟ್ಟನ್ನೂ ತೆರೆದು ಬಂದರು. ಹೆಣ್ಣು ಕೂಸು ಹುಟ್ಟಿತೆಂದು ಕೇಳಿ ನಾನು ಎದ್ದು ಓಡಿ, ನನ್ನದೇ ಲೇಸು ತುಳಿದು, ನರ್ಸಮ್ಮನ ಕಾಲಿಗೆ ಸಾಷ್ಟಾಂಗ ಬಿದ್ದೆ. ಕರಿ ಬಟ್ಟೆಯೊಳಗಿನಿಂದ ಇಷ್ಟೇ ಇಷ್ಟು ಮುಖ ನನ್ನನ್ನು ನೋಡಿ ಆಕಳಿಸಿತು.

ತೊಟ್ಟಿಲ ಕಾರ್ಯ ಮುಗಿದ ಮೇಲೆ ಅಕ್ಕ ಆ ಬಟ್ಟೆಯನ್ನು ಒಗೆದು ನೆರಳಲ್ಲಿ ಒಣಗಿಸಿ ಮಡಚುತ್ತಿದ್ದಳು.

“ಇದನ್ನ ಜ್ವಾಕಿ ಮಾಡಿ ಇಡ್ತೇನಿ ತಮ್ಮಾ. ನನಗೂ ಒಂದಿನ ಬೇಕಾಕ್ಕೈತಿ.”

ರೊಟ್ಟಿಗೆ ಹಿಟ್ಟು ಎತ್ತಿಡುವಷ್ಟೇ ಸಲೀಸಾಗಿ ಅಂದಳು. ಅಕ್ಕ ನನಗಿಂತ ದೊಡ್ಡವಳು ನಿಜ. ಆದರೆ ಈ ಒಂದು ವಿಷಯದಲ್ಲಿ ಹಿರಿತನ ನಡೆಯುವುದಿಲ್ಲ. ಆದ್ದರಿಂದ ಮೊನ್ನೆ ಕೂಸಿನ ಫೋಟೋ ಕಳಿಸುವಾಗ ಬು ವಾತಿಗೆ ಒಂದು ಸಾಲು ಬರೆದಿದ್ದೇನೆ: ಅದೇ ಚಿತ್ತಾರದ್ದು ಇನ್ನೊಂದು ಬಟ್ಟೆ ಎತ್ತಿಟ್ಟಿರಿ, ಅವಸರವೇನೂ ಇಲ್ಲ.