ಕೇಳಿ ತೆಗೆದುಕೊಂಡ ಗಿಳಿಗಳು

ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಫೋನು ಟಿಣ್ ಎಂದಿತು. ಗ್ಯಾಸಿನದೋ ಬ್ಯಾಂಕಿನದೋ ಮೆಸೇಜು ಇರಬೇಕೆಂದು ನೋಡಿದರೆ, ನನ್ನ ನಾಲಿಗೆಗೆ ಹೊರಳದ ಹೆಸರಿನ ಯಾವುದೋ ದೇಶದ ಹೆಂಗಸೊಬ್ಬಳು ಹೊಸಮನೆ ಬಡಾವಣೆಯ ನಮ್ಮ ಮನೆ ಬಾಗಿಲಿನ ಚಿತ್ರವನ್ನು ತನ್ನ ಬೋರ್ಡಿಗೆ ಸೇರಿಸಿಕೊಂಡಿದ್ದಾಳಂತೆ. ನಮ್ಮ ಬಾಗಿಲಲ್ಲಿ ನೋಡುವಂಥದ್ದು ಒಂದೇ, ಮೇಲೆ ತೂಗುವ ಮಣಿ ತೋರಣ. ಅದರಲ್ಲಿ ಎರಡು ಹಸಿರು ಗಿಳಿಗಳು ಕತ್ತು ಹಿಂದಕ್ಕೆ ತಿರುಗಿಸಿ ಕೂತಿವೆ. ಅವು ಅಲ್ಲಿಗೆ ಬಂದ ಕತೆ ದೊಡ್ಡದು. ಪುರುಸೊತ್ತಿದ್ದರೆ ಕುಳಿತುಕೊಳ್ಳಿ, ಕಾಫಿ ಹೇಗೂ ಆಗಿದೆ.

ಈ ಬೋರ್ಡು ಗೊತ್ತಿಲ್ಲದವರಿಗೆ ಒಂದು ಮಾತು. ಇಂಟರ್‌ನೆಟ್ಟಿನಲ್ಲಿ ಕಣ್ಣಿಗೆ ಹಿತವಾಗಿ ಕಂಡ ಚಿತ್ರಗಳನ್ನೆಲ್ಲ, ಹಲಗೆಗೆ ಪಿನ್ನು ಚುಚ್ಚಿದಂತೆ, ಫೋನಿನಲ್ಲಿ ಜೋಡಿಸಿಟ್ಟುಕೊಂಡು ಬೇಕಾದವರಿಗೆ ತೋರಿಸುವುದು. ನನಗೆ ಇದರ ಹುಚ್ಚು. ನನ್ನ ‘ಬಾಲ್ಕನಿ ತೋಟ’ ಬೋರ್ಡಿನಲ್ಲಿ ಲೋಕದ ಹೂವೆಲ್ಲ ಅರಳಿವೆ, ಮನೆಯ ಕುಂಡದಲ್ಲಿ ತುಳಸಿ ಒಣಗಿದೆ. ‘ಅಚ್ಚುಕಟ್ಟಾದ ಅಡುಗೆಮನೆ’ ಎಂಬ ಇನ್ನೊಂದಿದೆ. ಅದರ ಸುದ್ದಿ ಬೇಡ, ನಮ್ಮ ಕಪಾಟು ತೆರೆದರೆ ಡಬ್ಬಿಗಳ ಮುಚ್ಚಳಗಳು ತಲೆ ಮೇಲೆ ಬೀಳುತ್ತವೆ.

ಈ ಹುಚ್ಚನ್ನು ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ಸರೋಜ ಚಿಕ್ಕಮ್ಮನಿಗೂ ಹಿಡಿಸಿದೆ. ಅಮ್ಮನ ಸ್ವಂತ ತಂಗಿ. ಮಣಿ ಪೋಣಿಸುವುದರಲ್ಲಿ ಅಕ್ಕತಂಗಿಯರಿಬ್ಬರದೂ ಎತ್ತಿದ ಕೈ. ಆದರೆ ಅವರಿಬ್ಬರು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಇದೇ ಗಿಳಿ. ಎಲ್ಲರೂ ಎದುರುಬದುರು ಗಿಳಿ ಹಾಕುತ್ತಿದ್ದಾಗ, ಕತ್ತು ತಿರುಗಿಸಿದ ಗಿಳಿಯನ್ನು ತಾನೇ ಯೋಚಿಸಿ ಹಾಕಿದವಳು ಚಿಕ್ಕಮ್ಮ. ಅಮ್ಮ ಅದನ್ನು ನೋಡಿಕೊಂಡು ಬಂದು, ತಾನೂ ಒಂದು ಪೋಣಿಸಿ, ಶಿವಮೊಗ್ಗದಲ್ಲಿ ಹೆಂಗಸರ ಪ್ರದರ್ಶನವೊಂದರಲ್ಲಿ ಇಟ್ಟಳು. ಮೊದಲ ಬಹುಮಾನ, ಸ್ಟೀಲ್ ಡಬ್ಬಿ. “ಮಾದರಿ ಯಾರದ್ರೀ?” ಎಂದು ಯಾರೋ ಕೇಳಿದರೆ ಅಮ್ಮ ಉಬ್ಬಿಹೋಗಿ “ನಂದೇ ಕಣ್ರೀ” ಎಂದುಬಿಟ್ಟಳು. ಪ್ರದರ್ಶನ ನೋಡಲು ಬಸ್ಸು ಹತ್ತಿ ಬಂದಿದ್ದ ಚಿಕ್ಕಮ್ಮ ಹಿಂದೆಯೇ ನಿಂತಿದ್ದಳು. ಅಲ್ಲಿಂದಲೇ ತಿರುಗಿ ಬಸ್ಸು ಹತ್ತಿ ಹೊರಟುಹೋದಳು.

ಅಮ್ಮ ತನ್ನ ತೋರಣವನ್ನು ಟ್ರಂಕಿನ ತಳಕ್ಕೆ ಹಾಕಿದಳು. ಬಾಗಿಲು ಬೋಳಾಗಿಯೇ ಉಳಿಯಿತು. ಹೋಗಿ ತಪ್ಪಾಯಿತು ಎನ್ನುವುದಕ್ಕೆ ಮಾತ್ರ ಅಕ್ಕನೆಂಬ ಬಿಗುಮಾನ. ಮದುವೆ ಊಟದಲ್ಲಿ ನನ್ನನ್ನು ನಡುವೆ ಕೂರಿಸಿಕೊಂಡು “ನಿಮ್ಮಮ್ಮಂಗೆ ಹೇಳು, ಕೋಸಂಬರಿ ಚೆನ್ನಾಗಿದೆ ಅಂತ” ಎನ್ನುವಳು ಚಿಕ್ಕಮ್ಮ. “ಉಪ್ಪು ಕಮ್ಮಿ ಅಂತ ಹೇಳು” ಎನ್ನುವಳು ಅಮ್ಮ, ಅದೂ ನನಗೇ. ನಗು ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಇಬ್ಬರಿಗೂ ವಯಸ್ಸಾಗುತ್ತಿದೆ, ಹೀಗೇ ಮುಗಿದುಹೋಗುತ್ತಾರೇನೋ ಎಂದು ನನಗೆ ಒಳಗೊಳಗೇ ಹೆದರಿಕೆ.

ಚಿಕ್ಕಮ್ಮನಿಗೆಂದು ‘ಮಣಿ ಕೆಲಸ’ ಎಂಬ ಬೋರ್ಡು ಮಾಡಿಕೊಟ್ಟೆ. ಎಷ್ಟು ದಿನವಾದರೂ ಅದರಲ್ಲಿ ಒಂದೆರಡೇ ಚಿತ್ರ. ಯಾಕೆಂದು ಕೇಳಿದೆ.

“ಎಲ್ಲ ನಾವೇ ಬಾಚ್ಕೊಂಡ್ರೆ ಬೇರೆಯವ್ರಿಗೆ ಏನುಳಿಯುತ್ತೆ ಮಾರಾಯ್ತಿ?”

ಪಕ್ಕದ ಮನೆಯ ಗಿಡದಲ್ಲಿ ಪೂಜೆಗೆ ಹೂವು ಕೊಯ್ಯುವಾಗಲೂ ಅವಳು ಹಾಗೆಯೇ. ಮನೆಯವರನ್ನು ಕೂಗಿ ಕೇಳಿ, ನಾಲ್ಕು ಕೊಯ್ದು, ಮಿಕ್ಕಿದ್ದನ್ನು ಗಿಡದಲ್ಲೇ ಬಿಟ್ಟು ಬರುವವಳು. ನಾವು ಇಟ್ಟುಕೊಂಡರೂ ಚಿತ್ರ ಅವರ ಹತ್ತಿರವೇ ಇರುತ್ತೆ, ಖಾಲಿಯಾಗಲ್ಲ ಎಂದು ನಗುತ್ತಾ ವಿವರಿಸಿದೆ.

“ಖಾಲಿ ಆಗಲ್ಲ, ಸರಿ. ಒಂದ್ಮಾತು ಕೇಳೋದು ಬೇಡ್ವಾ?” ಎಂದಳು. ನನ್ನ ನಗು ಅಲ್ಲಿಗೇ ನಿಂತಿತು.

ಒಂದು ಬೋರ್ಡಿಗೆ ಹಲವರು ಸೇರಬಹುದು. ಅಮ್ಮನನ್ನೂ ಸೇರಿಸಿ ಚಿಕ್ಕಮ್ಮನಿಗೆ ತಿಳಿಸಿದೆ. “ಇರ್ಲಿ ಬಿಡು” ಎಂದಳು, ಅಷ್ಟೆ. ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ, ಎಲ್ಲೆಲ್ಲಿಯದೋ ಚಿತ್ರಗಳ ನಡುವೆ ಚಿಕ್ಕಮ್ಮನ ಆ ಹಳೆಯ ಗಿಳಿ ತೋರಣ ಬಂದು ಕೂತಿತು. ಮಣಿಯ ಬಣ್ಣ ಮಾಸಿತ್ತು. ಅವಳೇ ಫೋಟೊ ತೆಗೆದು ಹಾಕಿದ್ದಳು. ಅಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

“ಇದನ್ನ ನಾನೂ ಇಟ್ಕೊಬೇಕಲ್ಲ.”

“ಅಲ್ಲಿ ಒತ್ತಮ್ಮ, ಆಯ್ತು.”

“ಒತ್ತಲ್ಲ. ಅವಳಿಗೆ ಫೋನ್ ಹಚ್ಚಿಕೊಡು.”

ಅಮ್ಮನಿಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತು. ಆ ಕಡೆ ಎತ್ತಿದ್ದು ಗೊತ್ತಾಯಿತು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು.

“ಸರೋಜಾ, ನಿನ್ನ ಗಿಳಿ ತಗೊಳ್ಲೇನೇ?”

“ಅವತ್ತೇ ಕೇಳಿದ್ರೆ ನಾನೇ ಹಾಕ್ಕೊಡ್ತಿದ್ನಲ್ಲ ಅಕ್ಕ” ಎಂದಳು ಚಿಕ್ಕಮ್ಮ. ಅಮ್ಮ ಅಳತೊಡಗಿದಳು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ಮಾರನೆಯ ದಿನವೇ ಟ್ರಂಕಿನ ತೋರಣ ಬಾಗಿಲಿಗೆ ಬಂತು. ಅದರ ಫೋಟೊ ತೆಗೆಸಿ ಬೋರ್ಡಿಗೆ ಹಾಕಿಸಿ, ಕೆಳಗೆ ‘ಮಾದರಿ ನನ್ನ ತಂಗಿ ಸರೋಜಳದು’ ಎಂದು ಅಮ್ಮ ನನ್ನ ಕೈಯಲ್ಲಿ ಬರೆಸಿದಳು. ಅಂದಿನಿಂದ ನಾನೂ ಯಾರದಾದರೂ ಚಿತ್ರ ಸೇರಿಸಿಕೊಳ್ಳುವ ಮೊದಲು ‘ತಗೊಳ್ಲಾ?’ ಎಂದು ಬರೆದು ಕಾಯುತ್ತೇನೆ. ಯಾರೂ ಉತ್ತರಿಸುವುದಿಲ್ಲ. ಬಾಲ್ಕನಿ ತೋಟಕ್ಕೆ ಹೊಸ ಹೂವು ಬರುವುದೇ ನಿಂತಿದೆ, ಆ ಬಿಡುವಿನಲ್ಲಿ ತುಳಸಿಗೆ ನೀರು ಬೀಳುತ್ತಿದೆ.

ಇವತ್ತು ಬಾಗಿಲಿನ ಸುದ್ದಿ ಹೇಳಲು ಲೋಟ ಹಿಡಿದು ಹೋದರೆ ಅಮ್ಮ ಆಗಲೇ ಚಿಕ್ಕಮ್ಮನ ಜೊತೆ ಫೋನಿನಲ್ಲಿದ್ದಾಳೆ. ದಿನವೂ ಇಬ್ಬರದೂ ಕಾಫಿ ಹೀಗೇ. ಲೋಟ ಕೈಗಿಟ್ಟು ವಿಷಯ ಹೇಳಿದೆ.

“ಕೇಳಿದ್ರಂತಾ?” ಎಂದಳು ಅಮ್ಮ.

“ಇಲ್ಲ.”

“ನೋಡೇ ಸರೋಜಾ, ಯಾರೋ ನಿನ್ನ ಗಿಳೀನ ಕೇಳ್ದೇ ತಗೊಂಡು ಹೋದ್ರಂತೆ!”

“ನಿನ್ನಂಥೋರು ಎಲ್ಲಾ ದೇಶದಲ್ಲೂ ಇದಾರೆ ಬಿಡಕ್ಕ” ಎಂದಳು ಚಿಕ್ಕಮ್ಮ.

ಅಮ್ಮ ನಕ್ಕ ರಭಸಕ್ಕೆ ಲೋಟದ ಕಾಫಿ ಸೀರೆಯ ಮೇಲೆ ಚೆಲ್ಲಿತು.