ಬಸರೀಕಟ್ಟೆಯಿಂದ ಐದು ಗಂಟೆ

ಬಸರೀಕಟ್ಟೆಯ ನಮ್ಮ ಜೀಪ್ ಡ್ರೈವರ್‌ಗೆ ಯಾವುದಾದರೂ ಊರು ಎಷ್ಟು ಕಿಲೋಮೀಟರ್ ಎಂದು ಕೇಳಿದರೆ ಸಿಟ್ಟು ಬರುತ್ತಿತ್ತು. ಸ್ಟೇರಿಂಗ್ ಮೇಲೆ ಎರಡು ಬೆರಳಿನಿಂದ ತಟ್ಟಿ, "ದೂರ ಕೇಳ್ಬೇಡಿ ಮಾರಾಯ್ರೆ, ಹೊತ್ತು ಕೇಳಿ" ಎನ್ನುತ್ತಿದ್ದ. ಅವನು ಹೇಳಿದ ಹೊತ್ತು ತಪ್ಪಿದ್ದನ್ನು ನಾನು ಕಾಣೆ.

ಒಮ್ಮೆ ದೆಹಲಿಯಲ್ಲಿದ್ದ ಅಕ್ಕನಿಗೆ ಮರುದಿನವೇ ಆಪರೇಷನ್ ಎಂದು ಫೋನ್ ಬಂತು. ನಾನು ಮಂಗಳೂರಿನಿಂದ ವಿಮಾನ ಹಿಡಿಯಬೇಕಿತ್ತು. ಫೋನಿನ ಮ್ಯಾಪ್ ಮಂಗಳೂರಿಗೆ ಮೂರೂವರೆ ಗಂಟೆ ಎಂದು ತೋರಿಸಿತು. ಡ್ರೈವರ್ ಐದು ಎಂದ. ಅವನ ಲೆಕ್ಕ ಹಿಡಿದೇ ಹೊರಟೆವು.

ನೆಮ್ಮಾರಿನಲ್ಲಿ ಕಾರ್ಕಳದ ಆಸ್ಪತ್ರೆಗೆ ಹೊರಟಿದ್ದ ಅಜ್ಜಿಯೊಬ್ಬರು ಕೈ ಅಡ್ಡ ಹಿಡಿದರು. ನಿಲ್ಲಿಸಿ ಹತ್ತಿಸಿಕೊಂಡ. ಕೆರೆಕಟ್ಟೆಯಲ್ಲಿ ಬಸ್ ತಪ್ಪಿಸಿಕೊಂಡ ಗಂಡ ಹೆಂಡತಿ, ಜೊತೆಗೊಂದು ಬುಟ್ಟಿ ಕಾಫಿ ಸಸಿ. ಮತ್ತೆ ನಿಲ್ಲಿಸಿದ. ನಾನು ಗಡಿಯಾರ ನೋಡಿದೆ. "ವಿಮಾನ ತಪ್ಪಿದ್ರೆ ಎಂತ ಮಾಡದು?" ಎಂದು ರೇಗಿದೆ.

"ಇವ್ರೂ ಆ ಐದು ಗಂಟೆ ಒಳಗೇ ಇದಾರೆ ಮಾರಾಯ್ರೆ. ಬಸ್ ಕಮ್ಮಿ ಇರೋ ದಾರೀಲಿ ಜನರನ್ನ ಬಿಟ್ಟು ಹೊತ್ತು ಹೇಳದು ಹೆಂಗೆ?"

ವಿಮಾನ ನಿಲ್ದಾಣದ ಎದುರು ಜೀಪು ನಿಂತಾಗ ನಾವು ಹೊರಟು ಸರಿಯಾಗಿ ಐದು ಗಂಟೆಯಾಗಿತ್ತು. ನಾಚಿಕೆಯಾಗಿ, ಏನಾದರೂ ಮಾತಾಡಬೇಕಲ್ಲ ಎಂದು, ಅಷ್ಟು ದೂರದ ದೆಹಲಿಗೆ ಇಲ್ಲಿಂದ ಮೂರೇ ಗಂಟೆ ಎಂದೆ. ಅವನು ಕಣ್ಣು ಕಿರಿದು ಮಾಡಿ, ಮೇಲೇರುತ್ತಿದ್ದ ವಿಮಾನವೊಂದನ್ನು ನೋಡಿದ. ಆಮೇಲೆ ತನ್ನ ಜೀಪಿನ ಬಾನೆಟ್ ತಟ್ಟಿದ.

"ಮೂರು ಗಂಟೆ ಸಾಕಾಗ್ತದೆ ಬಿಡಿ. ಅದು ದಾರೀಲಿ ಯಾರನ್ನೂ ಹತ್ತಿಸ್ಕಳದಿಲ್ವಲ್ಲ."