ಬಾಷಾ ಬೆಳೆದ ಒಂದು ಹಿಡಿ ಮೆಂತ್ಯ

ಕುರ್ಲಾದ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯವನು ಬಾಷಾ. ವಿಜಾಪುರದ ಕಡೆಯವನು, ಕಬ್ಬಿಣದ ಗೋದಾಮಿನಲ್ಲಿ ಹಮಾಲಿ. ಹೊತ್ತು ಹೊತ್ತು ಹೆಗಲು ಗಂಟುಗಟ್ಟಿತ್ತು. ಮನೆಗೆ ಬಂದರೆ ಚಪ್ಪಲಿ ಬಿಡುವುದಕ್ಕೂ ಬೇಸರ. ಅಂಥವನಿಗೆ ಎಪ್ಪತ್ಮೂರನೆಯ ಇಸವಿಯ ಚಳಿಗಾಲದಲ್ಲಿ ಒಕ್ಕಲುತನದ ಹುಚ್ಚು ಹತ್ತಿತು. ನನಗೆ ನಗು ತಡೆಯಲಾಗಲಿಲ್ಲ.

ಆದರೆ ಕಾರಣ ನಗುವಂಥದ್ದಲ್ಲ. ಅವನ ಹೆಂಡತಿ ಜುಬೇದಾ ನಳದ ಸಾಲಿನಲ್ಲಿ ಕೊಡ ಹಿಡಿದು ನಿಂತವಳು ಹಾಗೇ ಕುಸಿದಿದ್ದಳು. ಮೈಯಲ್ಲಿ ರಕ್ತವೇ ಇಲ್ಲ, ದಿನಾ ಸೊಪ್ಪು ತಿನ್ನಿಸು ಎಂದು ಡಾಕ್ಟರು ಬಾಷಾನಿಗೆ ಹೇಳಿದರು. ಪೇಟೆಯಿಂದ ತಂದ ಸೊಪ್ಪು ಬೇಳೆಯೊಳಗೆ ಬಿದ್ದು, ನಾಲ್ಕು ಮಕ್ಕಳ ತಟ್ಟೆ ದಾಟಿ ಅವಳ ತನಕ ಬರುತ್ತಲೇ ಇರಲಿಲ್ಲ. "ಮನ್ಯಾಗ ಮೆಂತೇ ಹಾಕ್ತೀನಿ, ಅದು ಅಕೀ ಒಬ್ಬಾಕಿಗೇ" ಎಂದು ನನ್ನ ಹತ್ತಿರ ಹೇಳಿದ. ಅವಳಿಗೆ ಹೇಳಲಿಲ್ಲ. ಹೆಂಡತಿಯ ಹತ್ತಿರ ಪ್ರೀತಿಯ ಮಾತಾಡುವುದು ಅವನಿಗೆ ಕಬ್ಬಿಣ ಹೊರುವುದಕ್ಕಿಂತ ಕಷ್ಟ.

ಎಣ್ಣೆ ಡಬ್ಬವನ್ನು ಉದ್ದಕ್ಕೆ ಸೀಳಿ, ಮಣ್ಣು ತುಂಬಿ, ಮೆಂತ್ಯದ ಕಾಳು ಚೆಲ್ಲಿದ. ನಳದ ನೀರು ಗಿಡಕ್ಕೆ ಸುರಿದರೆ ಜುಬೇದಾ ಬಿಟ್ಟಾಳೆಯೆ? ಅದಕ್ಕೇ ನಮಾಜಿಗೆ ಮುಂಚೆ ಕೈ, ಮುಖವನ್ನು ಡಬ್ಬದ ಮೇಲೆಯೇ ಬಗ್ಗಿ ತೊಳೆಯತೊಡಗಿದ. ಅಷ್ಟು ನೀರೂ ಸೋರಿ ಹೋಗಬಾರದೆಂದು ತಳಕ್ಕೆ ತೂತನ್ನೇ ಹಾಕಿರಲಿಲ್ಲ. ಎಂಟೇ ದಿನದಲ್ಲಿ ಮೊಳಕೆಯೆಲ್ಲ ಕೊಳೆತು ನಾರಿತು.

"ಮೂರ್ಖ, ನೀರ ಹೆಚ್ಚಾದ್ರೂ ಬೇರ ಸಾಯ್ತಾವ" ಎಂದು ಬೈದು, ನಾನೇ ಮೊಳೆ ಹೊಡೆದು ತೂತು ಮಾಡಿಕೊಟ್ಟೆ.

ಎರಡನೆಯ ಸಲ ಹಾಕಿದ್ದು ಚೆನ್ನಾಗಿ ಬಂತು. ತಿಂಗಳಾಗುವಷ್ಟರಲ್ಲಿ ಗೇಣುದ್ದ. ಬಾಷಾ ದಿನಾ ಬೆಳಿಗ್ಗೆ ಬಗ್ಗಿ ನೋಡಿ, "ಇನ್ನೊಂದೆರಡ ದಿನ" ಅನ್ನುತ್ತಿದ್ದ.

ಆ ಸೋಮವಾರ ಗೋದಾಮಿಗೆ ಎರಡು ಲಾರಿ ಮಾಲು ಬಂದಿತ್ತು. ಸಂಜೆ ಮನೆಗೆ ಬಂದವನು ಗೋಡೆಗೆ ಒರಗಿ ಕೂತುಬಿಟ್ಟ. ಜುಬೇದಾ ತಟ್ಟೆ ಇಟ್ಟಳು. ಚಾಳಿನಲ್ಲಿ ಬಾಗಿಲು ಹಾಕಿಕೊಂಡು ಉಣ್ಣುವವರಿಲ್ಲ. ನಾನು ಹೊರಗೆ ಬೀಡಿ ಸೇದುತ್ತ ನಿಂತಿದ್ದೆ. ಕಣ್ಣು ಅರ್ಧ ಮುಚ್ಚಿಕೊಂಡೇ ಅವನು ರೊಟ್ಟಿ ಮುರಿದ, ಬಾಯಿಗಿಟ್ಟ, ನುಂಗಿದ. ತಟ್ಟೆ ಬರಿದಾದ ಮೇಲೆ ನಾಲಗೆಗೆ ಕಹಿ ತಿಳಿಯಿತೋ ಏನೋ.

"ಇದೇನ ಪಲ್ಯಾ?"

"ನಿಮ್ಮ ಮೆಂತೇರಿ. ಬೇಯ್ಸಿದ್ರ ಒಂದ ಹಿಡಿ ಆತು. ಕಷ್ಟಪಟ್ಟ ಬೆಳಸಿದವರು ನೀವು, ಅದಕ್ಕ ಹುಡುಗ್ರಿಗೂ ಕೊಡಲಾರದ ಪೂರಾ ನಿಮಗ ಹಾಕೀನಿ."

"ನಿನಗ?"

"ನನಗ್ಯಾಕ?"

"ನಿನ್ನ ಸಲುವಾಗೇ ಹಾಕಿದ್ನಲ್ಲ..." ಎಂದ ಬಾಷಾ.

ನನಗೆ ನನ್ನ ಮೇಲೇ ಸಿಟ್ಟು ಬಂತು. ಒಂದು ಮಾತು ನಾನಾದರೂ ಅವಳ ಕಿವಿಗೆ ಹಾಕಬಹುದಿತ್ತು.

ಜುಬೇದಾ ಪಲ್ಯ ಬೇಯಿಸಿದ ಖಾಲಿ ಪಾತ್ರೆಯನ್ನು ಎಳೆದುಕೊಂಡು, ರೊಟ್ಟಿಯ ಚೂರಿನಿಂದ ಸುತ್ತಲೂ ಒರೆಸಿ ಬಾಯಿಗೆ ಹಾಕಿಕೊಂಡಳು.

"ನೋಡ್ರಿ, ನಾನೂ ತಿಂದೆ" ಎಂದಳು.